ಅಮ್ಮನ ಉಗುರಿನ ಮೇಲೆ ನಿಂತ ಒಂದು ಹನಿ ನೀರು

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಬಸ್ಸಲ್ಲಿ ಇದೀರೋ, ಹಾಸ್ಟೆಲ್ ರೂಮಲ್ಲಿ ಇದೀರೋ ಗೊತ್ತಿಲ್ಲ. ಆದ್ರೆ ಈಗ ಫೋನ್ ಹಿಡಿದಿರೋ ಕೈಯನ್ನ ಒಂದ್ಸಲ ನೋಡ್ಕೊಳ್ಳಿ. ಬೆರಳಲ್ಲ, ಉಗುರು. ಇವತ್ತಿನ ಮಾತು ಅದರ ಬಗ್ಗೆನೇ.

ನಮ್ಮೂರು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಹತ್ರ. ಹೆಸರು ಕೇಳಿರ್ತೀರಿ. 2023ರ ಫೆಬ್ರವರಿ 6ರಂದು ಪ್ರಧಾನಿ ಬಂದು ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಉದ್ಘಾಟನೆ ಮಾಡಿದ್ರಲ್ಲ, ಅದೇ ಜಾಗ. 615 ಎಕರೆ. ಅದು ಬಂದ್ಮೇಲೆ ಊರಿನ ಹೆಸರು ಟಿವಿಗೆ ಬಂತು. ಆದ್ರೆ ನಮ್ಮ ಮನೆ ಕಡೆ ಈಗಲೂ ಅದೇ ತೆಂಗು, ಅದೇ ಅಡಿಕೆ, ಅದೇ ರಾಗಿ.

ಅಮ್ಮ ಪ್ರತಿ ವರ್ಷ ಸೀಸನ್‌ನಲ್ಲಿ ಅಡಿಕೆ ಸುಲಿಯೋಕೆ ಹೋಗ್ತಾರೆ. ಸುಲಿದವರ ಕೈ ನೋಡಿದೀರಾ? ಹಸಿ ಅಡಿಕೆಯ ಚೊಗರು ಹತ್ತಿ ಬೆರಳು, ಉಗುರು ಎಲ್ಲ ಕಪ್ಪಾಗಿರುತ್ತೆ. ಸೋಪು ಹಾಕಿ ಉಜ್ಜಿದ್ರೂ ವಾರಗಟ್ಟಲೆ ಹೋಗಲ್ಲ. ಹಾಗಾಗಿ ಅಮ್ಮನ ಉಗುರು ಹೇಗಿದೆ ಅಂತ ಯಾರೂ ನೋಡಿರಲಿಲ್ಲ. ನಾನಂತೂ ಬೆಂಗಳೂರಲ್ಲಿ ಕೆಲಸ ಮಾಡೋನು, ತಿಂಗಳಿಗೊಮ್ಮೆ ಊರಿಗೆ ಬರೋನು.

ಸೀಸನ್ ಮುಗಿದು ಕಲೆ ಹೋದ್ಮೇಲೆ ಒಂದಿನ ಅಮ್ಮ ತಟ್ಟೆ ತೊಳೀತಿದ್ರು. ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ನೀರು ಹಾಗೇ ನಿಂತಿತ್ತು. ಜಾರ್ತಾನೇ ಇಲ್ಲ. ಕೈ ಹಿಡ್ಕೊಂಡು ನೋಡಿದೆ. ಉಗುರು ಮೇಲಕ್ಕೆ ಉಬ್ಬಿರೋ ಬದಲು ಚಮಚದ ಥರ ಒಳಕ್ಕೆ ಕುಳಿ ಬಿದ್ದಿತ್ತು. ಅಂಚು ಮೇಲಕ್ಕೆ ಎದ್ದಿತ್ತು.

"ಏನಮ್ಮ ಇದು?" ಅಂದೆ.

"ಅಡಿಕೆ ಸುಲಿದು ಸುಲಿದು ಹಂಗಾಗೈತೆ ಬಿಡಪ್ಪ" ಅಂದ್ರು.

ಅಮ್ಮ ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ದಿನಾ ಉಗುರಿಗೆ ಪೆಟ್ಟು ಬೀಳೋ, ನೀರು, ರಾಸಾಯನಿಕ ತಾಗೋ ಕೆಲಸ ಮಾಡೋರಿಗೆ ಈ ಆಕಾರ ಬರೋದುಂಟು. ಆದ್ರೆ ಚಮಚದ ಉಗುರಿಗೆ ಇನ್ನೊಂದು ದೊಡ್ಡ ಕಾರಣ ಇದೆ: ದೇಹದಲ್ಲಿ ಕಬ್ಬಿಣಾಂಶ ಬಹಳ ದಿನದಿಂದ ಕಡಿಮೆ ಆಗಿರೋದು. ಯಾವುದು ಅಂತ ಉಗುರು ನೋಡಿ ಹೇಳೋಕಾಗಲ್ಲ, ರಕ್ತ ಪರೀಕ್ಷೆನೇ ಹೇಳ್ಬೇಕು.

ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ 12 ಇರ್ಬೇಕು. ಅಮ್ಮನಿಗೆ 6.8 ಇತ್ತು. 8ಕ್ಕಿಂತ ಕೆಳಗೆ ಹೋದ್ರೆ ಅದು ತೀವ್ರ ರಕ್ತಹೀನತೆ. ಆ ರಕ್ತದಲ್ಲೇ ಅಮ್ಮ ಸೀಸನ್ ಪೂರ್ತಿ ಕೂತು ಅಡಿಕೆ ಸುಲಿದಿದ್ರು, ಮನೆಗೆ ಬಂದು ಮುದ್ದೆ ತೊಳಸಿದ್ರು.

ಡಾಕ್ಟ್ರು ಮೊದಲು ಕೇಳಿದ ಪ್ರಶ್ನೆಗೆ ನಾನು ತಲೆ ತಗ್ಗಿಸಿದೆ. "ಮುಟ್ಟು ಎಷ್ಟು ದಿನ ಹೋಗುತ್ತಮ್ಮ?" ಅಮ್ಮ ನನ್ನ ಮುಖ ನೋಡಿದ್ರು. ನಾನು ಹೊರಗೆ ಹೋಗಿ ನಿಂತೆ. ಆಮೇಲೆ ಗೊತ್ತಾಯ್ತು: ಎರಡು ವರ್ಷದಿಂದ ಹತ್ತು ಹನ್ನೆರಡು ದಿನ ವಿಪರೀತ ರಕ್ತ ಹೋಗ್ತಿತ್ತಂತೆ. ಸ್ಕ್ಯಾನಿಂಗ್ ಮಾಡಿದಾಗ ಗರ್ಭಕೋಶದಲ್ಲಿ ಗಡ್ಡೆ ಕಾಣಿಸ್ತು. ಕ್ಯಾನ್ಸರ್ ಅಲ್ಲ, ಫೈಬ್ರಾಯ್ಡ್. ಎರಡು ವರ್ಷ ಅಮ್ಮ ಯಾರಿಗೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಇದು ನಮ್ಮ ಮನೆ ಕಥೆ ಮಾತ್ರ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8ರಷ್ಟು ಜನರಿಗೆ ರಕ್ತಹೀನತೆ ಇದೆ. ಅಂದ್ರೆ ಹೆಚ್ಚೂಕಮ್ಮಿ ಇಬ್ಬರಲ್ಲಿ ಒಬ್ಬರಿಗೆ. ಸ್ಕೂಲಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡ್ತಿದ್ರಲ್ಲ, ನಾವು ಕಿಟಕಿಯಿಂದ ಆಚೆ ಎಸೀತಿದ್ವಲ್ಲ, ಅದು ಇದಕ್ಕೇನೇ ಕಣ್ರೀ, ಕಬ್ಬಿಣಾಂಶದ ಮಾತ್ರೆ.

ಸರಿ, ಉಗುರಿಗೂ ರಕ್ತಕ್ಕೂ ಏನು ಸಂಬಂಧ? ಉಗುರು ಹುಟ್ಟೋದು ಬುಡದಲ್ಲಿ, ಚರ್ಮದ ಕೆಳಗೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತೆ. ಬುಡದಿಂದ ತುದಿಗೆ ಬರೋಕೆ ಹತ್ತಿರ ಆರು ತಿಂಗಳು. ಕಾಲಿನ ಉಗುರಿಗೆ ಒಂದು ವರ್ಷದ ಮೇಲೆ. ಹಾಗಾಗಿ ಉಗುರು ಅನ್ನೋದು ಆರು ತಿಂಗಳ ಡೈರಿ ಇದ್ದಂಗೆ. ಜೋರು ಜ್ವರ ಬಂದು ಹಾಸಿಗೆ ಹಿಡಿದಿದ್ರೆ, ಆ ವಾರ ಉಗುರಿನ ಬೆಳವಣಿಗೆ ನಿಂತಿರುತ್ತೆ. ಒಂದೆರಡು ತಿಂಗಳಾದ್ಮೇಲೆ ಎಲ್ಲ ಉಗುರಿನಲ್ಲೂ ಅಡ್ಡಕ್ಕೆ ಒಂದು ಗೆರೆ ತಗ್ಗಾಗಿ ಕಾಣುತ್ತೆ. 1846ರಲ್ಲಿ ಫ್ರಾನ್ಸಿನ ಬೋ ಅನ್ನೋ ವೈದ್ಯರು ಇದನ್ನ ವಿವರಿಸಿದ್ರು. ಅದಕ್ಕೇ ಬೋ ಗೆರೆ ಅಂತಾರೆ. ಅದು ಬೆಳೀತಾ ತಾನೇ ಹೋಗುತ್ತೆ.

ಈಗ ಒಂದು ಪರೀಕ್ಷೆ ನಾವೇ ಮಾಡೋಣ. ಎರಡೂ ಕೈಯ ತೋರುಬೆರಳನ್ನ ಉಗುರಿಗೆ ಉಗುರು ತಾಗೋ ಹಾಗೆ ಬೆನ್ನು ಕೂಡಿಸಿ ಹಿಡೀರಿ. ಬುಡದ ಹತ್ರ ವಜ್ರದ ಆಕಾರದಲ್ಲಿ ಪುಟ್ಟ ಕಿಂಡಿ ಕಾಣುತ್ತಾ? ಕಂಡ್ರೆ ಒಳ್ಳೇದು. ಆ ಕಿಂಡಿ ಮುಚ್ಚಿ ಹೋಗಿ, ಬೆರಳ ತುದಿ ಉಬ್ಬಿ, ಉಗುರು ಗಿಳಿ ಕೊಕ್ಕಿನ ಥರ ಬಾಗಿದ್ರೆ ಅದಕ್ಕೆ ಕ್ಲಬ್ಬಿಂಗ್ ಅಂತಾರೆ. ಶ್ವಾಸಕೋಶದ ಕ್ಯಾನ್ಸರ್, ಬಹಳ ದಿನದ ಶ್ವಾಸಕೋಶದ ಸೋಂಕು, ಕೆಲವು ಹೃದಯದ ಕಾಯಿಲೆಗಳಲ್ಲಿ ಇದು ಬರುತ್ತೆ. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಇರುತ್ತೆ, ಏನೂ ತೊಂದ್ರೆ ಇರಲ್ಲ. ಈ ಪರೀಕ್ಷೆ ತೋರಿಸಿಕೊಟ್ಟವರು ದಕ್ಷಿಣ ಆಫ್ರಿಕಾದ ಹೃದಯ ತಜ್ಞ ಲಿಯೋ ಶಾಮ್ರೋತ್. ಹೃದಯದ ಸೋಂಕು ತಗುಲಿದಾಗ ಅವರು ತಮ್ಮದೇ ಬೆರಳು ಬದಲಾಗೋದನ್ನ ಗಮನಿಸಿ 1976ರಲ್ಲಿ ಬರೆದ್ರು. ಮನೆಯಲ್ಲಿ ಬೀಡಿ ಸೇದೋ ಅಜ್ಜ, ಅಪ್ಪ ಇದ್ರೆ ಅವರ ಬೆರಳನ್ನೂ ಒಮ್ಮೆ ಕೂಡಿಸಿ ನೋಡಿ.

ಇನ್ನು ಹೆದರಬೇಕಿಲ್ಲದ ವಿಷಯ. ಉಗುರಿನ ಮೇಲೆ ಬಿಳಿ ಚುಕ್ಕೆ ಕಂಡ್ರೆ ಕ್ಯಾಲ್ಸಿಯಂ ಕಮ್ಮಿ ಅಂತಾರಲ್ಲ? ಬಹುಪಾಲು ಅದು ಉಗುರಿನ ಬುಡಕ್ಕೆ ಎಂದೋ ಬಿದ್ದ ಸಣ್ಣ ಪೆಟ್ಟಿನ ಗುರುತು. ವಯಸ್ಸಾದವರಿಗೆ ಉದ್ದುದ್ದಕ್ಕೆ ಗೆರೆ ಬರೋದು ಸಾಮಾನ್ಯ. ಉಗುರುಸುತ್ತು ಆದ್ರೆ ಬೆರಳಿಗೆ ನಿಂಬೆಹಣ್ಣು ಸಿಗಿಸ್ತೀವಿ, ಆದ್ರೆ ಕೀವು ತುಂಬಿ ನೋವು ಏರ್ತಿದ್ರೆ, ಅದರಲ್ಲೂ ಸಕ್ಕರೆ ಕಾಯಿಲೆ ಇರೋರು, ನಿಂಬೆಹಣ್ಣು ನಂಬ್ಕೊಂಡು ಕೂರಬೇಡಿ.

ತಡ ಮಾಡಬಾರದ್ದು ಇವು: ಒಂದೇ ಉಗುರಿನಲ್ಲಿ ಹೊಸದಾಗಿ ಉದ್ದಕ್ಕೆ ಕಪ್ಪು ಪಟ್ಟಿ ಬಂದು ಅಗಲ ಆಗ್ತಾ ಹೋದ್ರೆ, ಅದರ ಬಣ್ಣ ಪಕ್ಕದ ಚರ್ಮಕ್ಕೂ ಹರಡಿದ್ರೆ. ನಮ್ಮಂಥ ಕಪ್ಪು ಚರ್ಮದವರಿಗೆ ಇಂಥ ಪಟ್ಟಿ ಸುಮ್ನೆ ಕೂಡ ಇರುತ್ತೆ, ಆದ್ರೆ ಅಪರೂಪಕ್ಕೆ ಅದು ಚರ್ಮದ ಕ್ಯಾನ್ಸರ್ ಆಗಿರಬಹುದು. ಇನ್ನೊಂದು, ಉಗುರು, ತುಟಿ ನೀಲಿಯಾಗಿ ಉಸಿರು ಕಟ್ಟಿದ್ರೆ ತಕ್ಷಣ ಆಸ್ಪತ್ರೆಗೆ ಓಡಿ. ಆಸ್ಪತ್ರೆಗೆ ಹೋಗೋವಾಗ ನೇಲ್ ಪಾಲಿಶ್ ಅಳಿಸಿ ಹೋಗಿ. ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡೋ ಯಂತ್ರಕ್ಕೂ ಅದು ಅಡ್ಡ ಬರಬಹುದು.

ಅಮ್ಮನಿಗೆ ಡ್ರಿಪ್‌ನಲ್ಲಿ ಕಬ್ಬಿಣಾಂಶ ಕೊಟ್ರು, ಆಮೇಲೆ ಮಾತ್ರೆ. ಮಾತ್ರೆಗೆ ಮಲ ಕಪ್ಪಾಗುತ್ತೆ, ಹೆದರಬೇಡಿ ಅಂತ ಮೊದಲೇ ಹೇಳಿದ್ರು. ಊಟ ಆದ ತಕ್ಷಣ ಕಾಫಿ, ಟೀ ಬೇಡ, ಅದು ಕಬ್ಬಿಣಾಂಶ ಹೀರೋಕೆ ಬಿಡಲ್ಲ. ನಿಂಬೆಹಣ್ಣಿನ ರಸ ಒಳ್ಳೇದು. ಹುರುಳಿ ಸಾರು, ನುಗ್ಗೆ ಸೊಪ್ಪು ಮನೆಯಲ್ಲೇ ಇತ್ತು. ಆದ್ರೆ 6.8 ಇದ್ದಾಗ ಬರೀ ಸೊಪ್ಪು ತಿಂದು ಸರಿಹೋಗಲ್ಲ, ರಕ್ತ ಹೋಗೋ ಕಾರಣವನ್ನೂ ನಿಲ್ಲಿಸಬೇಕು. ಗಡ್ಡೆಗೂ ಚಿಕಿತ್ಸೆ ಆಯ್ತು.

ಹೋದ ಸಲ ಊರಿಗೆ ಹೋದಾಗ ಬುಡದಿಂದ ಹೊಸ ಉಗುರು ನೆಟ್ಟಗೆ ಬರ್ತಿತ್ತು. ಅರ್ಧ ಕುಳಿ, ಅರ್ಧ ಸರಿ. ನಾನು ಒಂದು ಹನಿ ನೀರು ಹಾಕಿ ನೋಡಿದೆ. ಜಾರಿ ಹೋಯ್ತು. "ಇದೊಂದು ಹುಚ್ಚು ನಿನಗೆ" ಅಂತ ಅಮ್ಮ ಕೈ ಕಿತ್ಕೊಂಡ್ರು.

ಇವತ್ತು ಮನೆಗೆ ಫೋನ್ ಮಾಡಿ. ಊಟ ಆಯ್ತಾ ಅಂತ ಕೇಳ್ತೀರಲ್ಲ, ಅದರ ಜೊತೆಗೆ ಸುಸ್ತಾಗುತ್ತಾ, ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟುತ್ತಾ ಅಂತಾನೂ ಕೇಳಿ. ಊರಿಗೆ ಹೋದಾಗ ಕೈ ಹಿಡಿದು ನೋಡಿ.