ಕಾಳಿಯಿಂದ ಗಂಗಾವಳಿಗೆ: ಹಾಲಕ್ಕಿಗಳ ನೆಲದಲ್ಲಿ ಒಂದು ಸುತ್ತು

(ಅಂಕೋಲೆಯಲ್ಲಿ ಸೇರಿದ್ದ ರೈತರ ಹಾಗೂ ವಿಸ್ತರಣಾ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಸಲದ ತರಬೇತಿಯಲ್ಲಿ ನಾನು ದಕ್ಷಿಣ ಅಮೆರಿಕದ ಇಂಕಾ ಜನರ ಬೇಸಾಯದ ಬಗ್ಗೆ ಕೆಲವು ಚಿತ್ರಗಳನ್ನು ತೋರಿಸಿದ್ದು ತಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅಂದು ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು, "ಆ ನಾಡಿಗೆ ತಾವು ಹೋಗಿ ಬಂದಿದ್ದೀರೋ?" ಎಂದು ಕೇಳಿದರು. ಇಲ್ಲವೆಂದೆ. "ಹಾಗಾದರೆ ನಮ್ಮ ನಾಡನ್ನಾದರೂ ಪೂರ್ತಿ ನೋಡಿದ್ದೀರೋ?" ಎಂದರು. ಸಭೆ ನಕ್ಕಿತು, ನಾನೂ ನಕ್ಕೆ. ಆದರೆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಆದ್ದರಿಂದ ಇಂದು ಪೆರು ದೇಶದ ಮಾತು ಸ್ವಲ್ಪ, ನಮ್ಮ ಕಾರವಾರ, ಅಂಕೋಲೆ ತಾಲೂಕುಗಳ ಮಾತು ಹೆಚ್ಚು.

ಇಂಕಾ ಜನರ ನಾಡು ನಮಗೆ ಪೂರಾ ಅಪರಿಚಿತವೇನೂ ಅಲ್ಲ. ಅಂಕೋಲೆಯ ಪೇಟೆಯಲ್ಲಿ ಹಾಲಕ್ಕಿ ಹೆಂಗಸರು ತಂದಿಟ್ಟ ಬುಟ್ಟಿಗಳ ಮುಂದೆ ಒಮ್ಮೆ ನಿಂತು ನೋಡಿರಿ. ಹರಿವೆ, ಬಸಳೆ, ಮೊಗೆಕಾಯಿ ನಮ್ಮ ಕಡೆಯವು. ಪಕ್ಕದಲ್ಲಿರುವ ಸಿಹಿಗೆಣಸು, ಮೆಣಸಿನಕಾಯಿ, ಟೊಮೆಟೊ, ಶೇಂಗಾ, ಬಟಾಟೆ ಇವೆಲ್ಲ ಅಮೆರಿಕ ಖಂಡದಿಂದ ಬಂದವು. ಬಟಾಟೆಯಂತೂ ಇಂಕಾಗಳ ಆಂಡೀಸ್ ಬೆಟ್ಟಗಳಲ್ಲೇ ಹುಟ್ಟಿದ ಬೆಳೆ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಆ ಕಡೆಯ ಬೆಳೆಗಳು ಈ ಕರಾವಳಿಗೆ ಇಳಿಯತೊಡಗಿದವು. 'ಬಟಾಟೆ' ಎಂಬ ಮಾತೂ ಅವರದೇ. ಬೆಳೆ ಬಂತು. ಅದನ್ನು ಬೆಳೆಸಿದ ಜನರ ನೆಲದ ಅರಿವು ಮಾತ್ರ ಹಡಗು ಹತ್ತಲಿಲ್ಲ.

ಇಂಕಾಗಳು ತಮ್ಮ ರಾಜ್ಯವನ್ನು 'ತವಾಂತಿನ್‌ಸುಯು' ಎಂದು ಕರೆಯುತ್ತಿದ್ದರು. ನಾಲ್ಕು ಭಾಗಗಳು ಕೂಡಿದ ನಾಡು ಎಂದರ್ಥ. ನಮ್ಮ ಹಾಲಕ್ಕಿ ಒಕ್ಕಲಿಗರೂ ತಮ್ಮ ನಾಡನ್ನು ಸೀಮೆಗಳಾಗಿ ಹಂಚಿಕೊಂಡವರು. ಅಂಕೋಲೆಯದು ಒಂದು ಸೀಮೆ, ಗೋಕರ್ಣದ್ದು ಇನ್ನೊಂದು. ಸೀಮೆಗೊಬ್ಬ ಗೌಡ, ಕೊಪ್ಪಗಳಲ್ಲಿ ಮನೆಗಳು. ಉತ್ತರದ ಕಾಳಿಯಿಂದ ದಕ್ಷಿಣದ ಶರಾವತಿಯವರೆಗೆ ಹೊಳೆ, ಅಳಿವೆ, ಗದ್ದೆ, ಬೆಟ್ಟದ ಬುಡ, ಇದು ಅವರು ತಲೆತಲಾಂತರದಿಂದ ದುಡಿದ ನೆಲ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬಾರದು. ಇಂಕಾಗಳು ಅರಸರು, ಸೈನ್ಯ ಕಟ್ಟಿದವರು. ಹಾಲಕ್ಕಿಗಳು ಬಹುಕಾಲ ಇತರರ ಗದ್ದೆಗಳಲ್ಲಿ ಗೇಣಿಗೆ, ಕೂಲಿಗೆ ದುಡಿದವರು. ಆದರೆ 1532ರಲ್ಲಿ ಸ್ಪೇನಿನವರು ಬಂದು ಇಂಕಾ ಅರಸನನ್ನು ಸೆರೆಹಿಡಿದರೂ ಅಲ್ಲಿನ ಒಕ್ಕಲು ಜನ ಅಳಿಯಲಿಲ್ಲ. ಕೆಚುವಾ ಮಾತನಾಡುವ ಆ ರೈತರು ಇಂದಿಗೂ ಅದೇ ಬೆಟ್ಟಗಳಲ್ಲಿ ಬಟಾಟೆ ನೆಡುತ್ತಾರೆ. ಕೆಲಸಕ್ಕೆ ಕೆಲಸ ಕೊಟ್ಟು ತೀರಿಸುವ ಪದ್ಧತಿಗೆ ಅವರಲ್ಲಿ 'ಐನಿ' ಎನ್ನುತ್ತಾರೆ, ನಮ್ಮಲ್ಲಿ ಮುಯ್ಯಾಳು. ನನ್ನ ಹೋಲಿಕೆ ಈ ಒಕ್ಕಲುಗಳ ನಡುವಿನದು.

ಸುತ್ತನ್ನು ನಾನು ಕಾರವಾರದ ಕಾಳಿ ದಂಡೆಯಿಂದ ಪ್ರಾರಂಭಿಸಿದೆ. ಸದಾಶಿವಗಡದ ಸೇತುವೆಯಿಂದ ಮೇಲಕ್ಕೆ ಹೊಳೆಯಗುಂಟ ಹೋದರೆ ಉಪ್ಪುನೀರು ಎಲ್ಲಿಯವರೆಗೆ ಏರುತ್ತದೆ ಎಂಬುದನ್ನು ಗಿಡಗಳೇ ಹೇಳುತ್ತವೆ. ಕಾಂಡ್ಲಾ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಭರತದ ಉಪ್ಪು ಸೋತಿದೆ ಎಂದು ತಿಳಿಯಬಹುದು. ಕಾರವಾರದಿಂದ ಅಂಕೋಲೆಗೆ ಬರುವ ಹೆದ್ದಾರಿಯ ಬದಿಯಲ್ಲಿ, 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಯ ಗೋಡೆ ಉದ್ದಕ್ಕೂ ಸಾಗುತ್ತದೆ. ಆ ಗೋಡೆಯ ಒಳಗೆ ಒಂದು ಕಾಲದಲ್ಲಿ ಊರುಗಳಿದ್ದವು, ಗದ್ದೆಗಳಿದ್ದವು. ಅಲ್ಲಿಂದ ಎದ್ದವರಲ್ಲಿ ಹಾಲಕ್ಕಿಗಳೂ ಮೀನುಗಾರರೂ ಇದ್ದಾರೆ. ಪುನರ್ವಸತಿಯ ಮನೆಯಂಗಳದಲ್ಲಿ ಬಸಳೆ ಚಪ್ಪರ ಹಾಕಬಹುದು. ಗದ್ದೆಯ ಬೇಸಾಯವನ್ನು ಅಂಗಳಕ್ಕೆ ತರಲಾಗದು.

ಶಿರೂರಿನ ಬಳಿ ನಾನು ವಾಹನ ನಿಲ್ಲಿಸಿದೆ. 2024ರ ಜುಲೈ 16ರಂದು ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಅಲ್ಲಿ ಕುಸಿಯಿತು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನು ಹೊಡೆಯಿತು. ಇಂಕಾಗಳ ಚಿತ್ರದಲ್ಲಿ ತಾವೆಲ್ಲ ಮೆಚ್ಚಿದ್ದು ಮಾಚು ಪಿಚುವಿನ ಕಲ್ಲುಗೋಡೆಗಳನ್ನು. ನಿಜವಾದ ಕೆಲಸ ಇರುವುದು ಗೋಡೆಯ ಹಿಂದೆ, ನೆಲದ ಒಳಗೆ. ಮೆಟ್ಟಿಲು ಗದ್ದೆಯ ತಳದಲ್ಲಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮರಳು, ಎಲ್ಲಕ್ಕೂ ಮೇಲೆ ಹೊತ್ತು ತಂದ ಮೇಲ್ಮಣ್ಣು. ಬಿದ್ದ ಮಳೆ ಒಳಗಿಳಿದು ಕಾಲುವೆ ಸೇರುತ್ತದೆ. ಗುಡ್ಡ ನೀರು ಕುಡಿದು ಭಾರವಾಗುವುದಿಲ್ಲ. ಕಬ್ಬಿಣದ ಹಾರೆಯಿಲ್ಲದ ಜನ ಅದನ್ನು ಮಾಡಿದ್ದರು. ಇಷ್ಟು ಹೇಳಿ ಮುಂದೆ ಹೋಗುತ್ತೇನೆ. ರಸ್ತೆ ಕಟ್ಟುವುದು ನನ್ನ ಶಾಸ್ತ್ರವಲ್ಲ.

ನನ್ನ ಶಾಸ್ತ್ರದ ವಿಷಯವೆಂದರೆ ಗಜನಿ. ಇಲ್ಲಿರುವ ತಮಗೆ ಗಜನಿ ಎಂದರೇನೆಂದು ವಿವರಿಸುವ ಅಗತ್ಯವಿಲ್ಲ. ಆದರೆ ಈ ಮಾಸಪತ್ರಿಕೆಯನ್ನು ಬಯಲುಸೀಮೆಯವರೂ ಓದುವರಾದ್ದರಿಂದ ಎರಡು ಮಾತು ಹೇಳುತ್ತೇನೆ. ಅಳಿವೆಯ ಅಂಚಿನಲ್ಲಿ, ಭರತದ ನೀರು ನುಗ್ಗುವ ತಗ್ಗು ನೆಲಕ್ಕೆ ಮಣ್ಣಿನ ಒಡ್ಡು ಹಾಕಿ, ಒಡ್ಡಿನಲ್ಲಿ ತೂಬು ಇಟ್ಟು, ಉಪ್ಪುನೀರನ್ನು ಬೇಕಾದಾಗ ಬಿಟ್ಟುಕೊಂಡು ಬೇಡವಾದಾಗ ತಡೆದು ಮಾಡುವ ಬೇಸಾಯವಿದು. ಮುಂಗಾರಿನ ಮೊದಲ ಜೋರು ಮಳೆಗಳು ನೆಲದ ಉಪ್ಪನ್ನು ಕರಗಿಸುತ್ತವೆ. ಇಳಿತದ ಹೊತ್ತಿಗೆ ತೂಬು ತೆಗೆದು ಆ ನೀರನ್ನು ಹೊರಗೆ ಬಿಡಬೇಕು, ಭರತ ಏರುವ ಮೊದಲೇ ಮುಚ್ಚಬೇಕು. ಹೀಗೆ ಕೆಲವು ಸಲ ತೊಳೆದ ನೆಲಕ್ಕೆ ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಎರಚುತ್ತಾರೆ. ಹೊಳೆ ತಂದ ಗೋಡೇ ಗೊಬ್ಬರ. ಕೊಯ್ಲಾದ ಮೇಲೆ ಮತ್ತೆ ಉಪ್ಪುನೀರು ಬಿಟ್ಟರೆ ಕೂಳೆಯ ನಡುವೆ ಸಿಗಡಿ, ಮೀನು ಬೆಳೆಯುತ್ತವೆ. ಒಂದೇ ನೆಲದಲ್ಲಿ ಅನ್ನವೂ ಆಯಿತು, ಮೀನೂ ಆಯಿತು.

ಈಗ ನನ್ನದೇ ಒಂದು ಕಥೆ ಹೇಳಬೇಕಾಗಿದೆ. ಸುಮಾರು ಹದಿನೈದು ವರ್ಷಗಳ ಹಿಂದೆ, ಹೊಸದಾಗಿ ಪದವಿ ಪಡೆದ ಉತ್ಸಾಹದಲ್ಲಿ, ಗಂಗಾವಳಿ ದಂಡೆಯ ಒಂದು ಗಜನಿಯಲ್ಲಿ ಪ್ರಾತ್ಯಕ್ಷಿಕೆ ಹಾಕಿಸಿದೆ. ಅಧಿಕ ಇಳುವರಿಯ ಗಿಡ್ಡ ತಳಿ, ಸಾಲು ನಾಟಿ, ಶಿಫಾರಸಿನ ಪ್ರಮಾಣದಲ್ಲಿ ರಸಗೊಬ್ಬರ. ಪಕ್ಕದಲ್ಲಿ ಒಬ್ಬ ಹಾಲಕ್ಕಿ ಅಜ್ಜಿಯ ಕಗ್ಗ. ಆಕೆ ನನ್ನ ಸಸಿಗಳನ್ನು ನೋಡಿ, "ತಮಾ, ಉಪ್ಪುನೀರು ಒಳಗೆ ಬಂದ್ರೆ ಎಂತಾ ಮಾಡ್ತೆ?" ಎಂದು ಕೇಳಿದಳು. "ಒಡ್ಡು ಗಟ್ಟಿ ಇದೆಯಲ್ಲ, ಅಜ್ಜಿ" ಎಂದೆ. ಆಗಸ್ಟ್ ಕೊನೆಯವರೆಗೆ ನನ್ನ ಗದ್ದೆ ಹಸಿರು ಜಮಖಾನೆ ಹಾಸಿದಂತಿತ್ತು. ಅಕ್ಕಪಕ್ಕದವರು ಬಂದು ನೋಡಿ ಹೋದರು. ಸೆಪ್ಟೆಂಬರಿನಲ್ಲಿ ಎರಡು ವಾರ ಮಳೆ ಹಿಡಿಯಿತು. ಒಡ್ಡಿನಲ್ಲಿ ಏಡಿ ಕೊರೆದ ತೂತು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಮಾವಾಸ್ಯೆಯ ಭರತ ಅದರಲ್ಲಿ ನುಗ್ಗಿತು. ತೆನೆ ಹೊಡೆಯುವ ಹೊತ್ತು. ಎಲೆಯ ತುದಿ ಸುಟ್ಟಂತಾಗಿ, ಬಂದ ತೆನೆಯೆಲ್ಲ ಜೊಳ್ಳು. ಕಗ್ಗ ಬಾಗಿತು, ಮಣ್ಣು ಮೆತ್ತಿಕೊಂಡಿತು. ಆದರೆ ಕಾಳು ಕಟ್ಟಿತು.

ನಾನು ವರದಿಯಲ್ಲಿ "ಹವಾಮಾನ ಪ್ರತಿಕೂಲವಾಗಿತ್ತು" ಎಂದು ಬರೆದೆ. ಪಕ್ಕದ ಗದ್ದೆಗೂ ಅದೇ ಹವಾಮಾನವಿತ್ತು ಎಂಬುದನ್ನು ಬರೆಯಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಆಗಸ್ಟಿನ ಹಸಿರನ್ನು ನೋಡಿ ನಂಬಿದ ಒಂದು ಕುಟುಂಬ, ನನ್ನ ಮಾತಿನ ಮೇಲೆ, ತಮ್ಮಲ್ಲಿದ್ದ ಕಗ್ಗದ ಬೀಜವನ್ನೆಲ್ಲ ಕುಟ್ಟಿಸಿ ಉಂಡು ಮುಗಿಸಿತು. ಮರುವರ್ಷ ಅವರಿಗೆ ಬಿತ್ತಲು ಬೀಜವಿಲ್ಲ. ನಾನೇ ಓಡಾಡಿ ಕುಮಟಾ ಕಡೆಯ ಅಘನಾಶಿನಿಯ ಗಜನಿಯಿಂದ ಒಂದು ಚೀಲ ತಂದುಕೊಟ್ಟೆ. ಅದು ಅವರ ಕಗ್ಗವಲ್ಲ ಎಂದು ಮನೆಯ ಯಜಮಾನ ಕಾಳನ್ನು ಅಂಗೈಯಲ್ಲಿ ಹಾಕಿಕೊಂಡ ಕೂಡಲೇ ಹೇಳಿದ. ಕಗ್ಗದಲ್ಲೂ ಬೇರೆ ಬೇರೆ ಬಗೆಗಳಿವೆ. ಕರಾವಳಿಯ ತೇವದಲ್ಲಿ ಭತ್ತದ ಬೀಜ ಎರಡು ವರ್ಷದ ಮೇಲೆ ಮೊಳೆಯುವ ಭರವಸೆಯಿಲ್ಲ. ಆದುದರಿಂದ ಒಂದೆರಡು ವರ್ಷ ಬಿತ್ತದೆ ಬಿಟ್ಟರೆ ಒಂದು ಊರಿನ ತಳಿ ಸದ್ದಿಲ್ಲದೆ ಮುಗಿಯುತ್ತದೆ.

ಕಗ್ಗವನ್ನು ಹೊಗಳಿ ತಮ್ಮನ್ನು ಮರುಳು ಮಾಡುವ ಉದ್ದೇಶ ನನಗಿಲ್ಲ. ಅದರ ಇಳುವರಿ ಕಡಿಮೆ. ಅಕ್ಕಿ ಕೆಂಪು, ಪೇಟೆಯಲ್ಲಿ ಬಿಳಿ ಅಕ್ಕಿಯ ಗಿರಾಕಿಯೇ ಹೆಚ್ಚು. ಉಪ್ಪು ಬಾರದ ಮೇಲಿನ ಗದ್ದೆಗಳಿಗೆ ಸುಧಾರಿತ ತಳಿಯೇ ಸರಿ ಎಂದು ಈಗಲೂ ಹೇಳುತ್ತೇನೆ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಗಜನಿಯಲ್ಲಿ ಒಬ್ಬನೇ ಬೇಸಾಯ ಮಾಡಲಾಗದು. ಒಡ್ಡು ಒಂದು, ತೂಬು ಒಂದು. ಎಲ್ಲರೂ ಒಂದೇ ಸಮಯಕ್ಕೆ ಉಪ್ಪುನೀರು ಹೊರಹಾಕಲು ಒಪ್ಪಬೇಕು. ಸಿಗಡಿ ಹಿಡಿಯಲು ಗುತ್ತಿಗೆ ಕೊಟ್ಟಾಗ, ಗುತ್ತಿಗೆದಾರನಿಗೆ ಮೇ ತಿಂಗಳು ಮುಗಿದರೂ ಉಪ್ಪುನೀರು ಬೇಕು. ಭತ್ತ ಬಿತ್ತುವವನಿಗೆ ಅದು ಬೇಡ. ಹಣ ಕೈಗೆ ಬಂದ ವರ್ಷ ಭತ್ತದವನು ಸುಮ್ಮನಾಗುತ್ತಾನೆ. ಎರಡು ಮಳೆಗಾಲ ಸುಮ್ಮನಾದರೆ ಒಡ್ಡು ನೋಡುವವರಿಲ್ಲ. ಸಿಗಡಿಯೂ ಶಾಶ್ವತವಲ್ಲ, 1994-95ರ ಸುಮಾರಿಗೆ ಬಿಳಿಚುಕ್ಕೆ ರೋಗ ಬಂದು ದೇಶದ ಕರಾವಳಿಯಲ್ಲೆಲ್ಲ ಕೆರೆ ಕೆರೆಯೇ ಖಾಲಿಯಾದದ್ದನ್ನು ತಾವು ಬಲ್ಲಿರಿ.

ಇಲ್ಲಿ ಪೆರುವಿನ ಎರಡು ಸಂಗತಿಗಳನ್ನು ವಿಸ್ತರಣಾ ಮಿತ್ರರು ಗಮನಿಸಬೇಕು. ಸಮುದ್ರಮಟ್ಟದಿಂದ ಸುಮಾರು 3800 ಮೀಟರ್ ಎತ್ತರದ ಟಿಟಿಕಾಕಾ ಸರೋವರದ ಸುತ್ತ, ಇಂಕಾಗಳಿಗಿಂತಲೂ ಹಿಂದಿನವರು ನೀರುಗಾಲುವೆಗಳ ನಡುವೆ ಎತ್ತರದ ಮಡಿ ಕಟ್ಟಿ ಬೆಳೆಯುತ್ತಿದ್ದರು. ಅದಕ್ಕೆ 'ವಾರು ವಾರು' ಎಂದು ಹೆಸರು. ಹಗಲು ಕಾಲುವೆಯ ನೀರು ಹೀರಿದ ಬಿಸಿಲು ರಾತ್ರಿ ಬೆಳೆಯನ್ನು ಹಿಮದಿಂದ ಕಾಯುತ್ತದೆ, ಕಾಲುವೆಯ ಕೆಸರು ಗೊಬ್ಬರವಾಗುತ್ತದೆ. ಆ ಪದ್ಧತಿ ಬಿಟ್ಟುಹೋಗಿ ಎಷ್ಟೋ ತಲೆಮಾರು ಕಳೆದ ಮೇಲೆ, 1980ರ ದಶಕದಲ್ಲಿ ಸಂಶೋಧಕರು ನೆಲ ಅಗೆದು, ಮಣ್ಣಿನ ಪದರ ಓದಿ, ರೈತರೊಂದಿಗೆ ಮಡಿಗಳನ್ನು ಪುನಃ ಕಟ್ಟಿದರು. ಬೆಳೆ ಚೆನ್ನಾಗಿ ಬಂತು. ಆದರೆ ಯೋಜನೆಯ ಹಣ, ಕೂಲಿ ನಿಂತೊಡನೆ ಅನೇಕ ಮಡಿಗಳು ಮತ್ತೆ ಪಾಳುಬಿದ್ದವು. ಅಲ್ಲಿ ಕೇಳೋಣವೆಂದರೆ ಹಳಬರು ಯಾರೂ ಉಳಿದಿರಲಿಲ್ಲ. ಇಲ್ಲಿ ಇನ್ನೂ ಇದ್ದಾರೆ.

ಎರಡನೆಯದು ಬೀಜದ ಮಾತು. 1971ರಲ್ಲಿ ಲಿಮಾ ನಗರದಲ್ಲಿ ಅಂತರರಾಷ್ಟ್ರೀಯ ಬಟಾಟೆ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಊರೂರಿನಿಂದ ತಳಿಗಳನ್ನು ಸಂಗ್ರಹಿಸಿ ಇಟ್ಟಿತು. ಇಂಕಾಗಳ ರಾಜಧಾನಿಯಾಗಿದ್ದ ಕುಜ್ಕೊ ಸಮೀಪದ ಪಿಸಾಕ್ ಎಂಬಲ್ಲಿ ಕೆಲವು ಹಳ್ಳಿಗಳು ಕೂಡಿ ತಮ್ಮ ನೆಲವನ್ನು 'ಬಟಾಟೆ ವನ' ಎಂದು ಸಾರಿಕೊಂಡವು. 2004ರಲ್ಲಿ ಆ ಹಳ್ಳಿಗಳೂ ಕೇಂದ್ರವೂ ಒಪ್ಪಂದ ಮಾಡಿಕೊಂಡು, ಅಲ್ಲಿಂದ ಹಿಂದೆ ಒಯ್ದಿದ್ದ ನೂರಾರು ತಳಿಗಳು ರೋಗಮುಕ್ತವಾಗಿ ಮರಳಿ ಹೊಲಕ್ಕೆ ಬಂದವು. ಸಂಶೋಧನಾ ಕೇಂದ್ರ ಊರಿಗೆ ಬೀಜ ಹಿಂದಿರುಗಿಸುವುದನ್ನು ನಾವು ಕಲಿಯಬೇಕು, ಸಂಗ್ರಹಿಸುವುದನ್ನಷ್ಟೇ ಕಲಿತಿದ್ದೇವೆ.

ಇದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ, ಶಾಲೆಯ ಮೆಟ್ಟಿಲು ಹತ್ತದೆ, ಅರಣ್ಯ ಇಲಾಖೆಯ ಸಸ್ಯಪಾಲನಾ ಕೇಂದ್ರದಲ್ಲಿ ದುಡಿಯುತ್ತ, ಯಾವ ತಾಯಿಮರದಿಂದ ಯಾವಾಗ ಬೀಜ ಆಯಬೇಕೆಂಬುದನ್ನು ಬಲ್ಲವರಾಗಿದ್ದರು. ಬಡಿಗೇರಿಯ ಸುಕ್ರಿ ಬೊಮ್ಮಗೌಡರ ಬಾಯಲ್ಲಿ ಸಾವಿರಾರು ಹಾಡುಗಳಿದ್ದವು. ಇಬ್ಬರಿಗೂ ಪದ್ಮಶ್ರೀ ಬಂತು. ತುಳಸಿ ಗೌಡ 2024ರ ಡಿಸೆಂಬರಿನಲ್ಲಿ, ಸುಕ್ರಿ ಗೌಡ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಎರಡು ತಿಂಗಳ ಅಂತರದಲ್ಲಿ ಅಂಕೋಲೆ ಎಷ್ಟು ಕಳೆದುಕೊಂಡಿತೆಂದು ಲೆಕ್ಕ ಹಾಕುವ ಶಾಸ್ತ್ರ ನನ್ನಲ್ಲಿಲ್ಲ. ಕಗ್ಗದ ಬಗೆಗಳನ್ನು ಅಂಗೈಯಲ್ಲಿ ಗುರುತಿಸುವ ಹಿರಿಯರು ಇನ್ನೂ ಇರುವಾಗಲೇ ಕೆಲವು ಕೆಲಸ ಆಗಬೇಕು.

ಬೀಜವಿದ್ದವರು ಕಾಲು ಗುಂಟೆಯಾದರೂ ಪ್ರತಿವರ್ಷ ಬಿತ್ತಿರಿ. ತೆನೆ ಆರಿಸುವುದನ್ನು ಮನೆಯ ಹೆಂಗಸರಿಗೆ ಬಿಡಿರಿ. ಇಷ್ಟು ದಿನ ಆರಿಸಿದವರು ಅವರೇ. ಯಾವ ಬಗೆ ಎಷ್ಟು ಉಪ್ಪು ತಾಳುತ್ತದೆಂದು ಮನೆಯಲ್ಲೇ ನೋಡಬಹುದು. ಒಂದು ಮಾತು ನೆನಪಿಡಿರಿ: ಭತ್ತ ಮೊಳೆಯುವಾಗ ಉಪ್ಪನ್ನು ಸಾಕಷ್ಟು ತಾಳುತ್ತದೆ, ಎಳೆಯ ಸಸಿಯಾಗಿರುವಾಗ ಮತ್ತು ತೆನೆ ಹೊಡೆಯುವಾಗ ತಾಳುವುದಿಲ್ಲ. ಆದ್ದರಿಂದ ಮೊಳಕೆ ಪರೀಕ್ಷೆಯಿಂದ ಮೋಸಹೋಗಬಾರದು. ಹಳೆಯ ಡಬ್ಬಗಳಲ್ಲಿ ಸಿಹಿಮಣ್ಣು ತುಂಬಿ ಸಸಿ ಎಬ್ಬಿಸಿ, ಎರಡು ಎಲೆ ಬಂದ ಮೇಲೆ 10 ಲೀಟರ್ ನೀರಿಗೆ 30 ಗ್ರಾಂ ಉಪ್ಪು ಕರಗಿಸಿ ಉಣಿಸಿರಿ. ವಾರದ ನಂತರ 60 ಗ್ರಾಮಿಗೆ ಏರಿಸಿರಿ. ಸಮುದ್ರದ ನೀರಿನಲ್ಲಿ ಇಷ್ಟಕ್ಕೆ ಸುಮಾರು 350 ಗ್ರಾಂ ಇರುತ್ತದೆ. ಸಾಮಾನ್ಯ ತಳಿಯ ಒಂದು ಡಬ್ಬವನ್ನು ಪಕ್ಕದಲ್ಲಿಟ್ಟು ಎರಡು ಮೂರು ವಾರ ಹೋಲಿಸಿದರೆ ಅಂದಾಜು ಸಿಗುತ್ತದೆ.

2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಡಿ ರೈತರು ತಮ್ಮ ತಳಿಯನ್ನು ತಮ್ಮ ಹೆಸರಿನಲ್ಲಿ, ಊರಿನ ಹೆಸರಿನಲ್ಲಿ ನೋಂದಾಯಿಸಬಹುದು. ರೈತರ ತಳಿಗೆ ನೋಂದಣಿ ಶುಲ್ಕವಿಲ್ಲ. ಅಂಕೋಲೆಯ ಕರಿ ಈಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ದೊರಕಿದ್ದು ರೈತರು ಕೂಡಿ ಪ್ರಯತ್ನಪಟ್ಟದ್ದರಿಂದಲೇ. ಅರ್ಜಿ ತುಂಬುವ ಕೆಲಸ ನಮ್ಮದು, ಬೀಜ ತಮ್ಮದು.

ಊಟಕ್ಕೆ ಹೋಗುವ ಮೊದಲು ಒಂದು ವಿನಂತಿ. ಬಾಗಿಲ ಬಳಿ ಮೇಜಿನ ಮೇಲೆ ಒಂದು ವಹಿ ಇಟ್ಟಿದ್ದೇನೆ. ಯಾರ ಮನೆಯಲ್ಲಿ ಕಗ್ಗದ ಬೀಜವಿದೆ, ಯಾವ ಬಗೆಯದು, ಯಾವ ಗಜನಿಯದು ಎಂಬುದನ್ನು ದಯವಿಟ್ಟು ಬರೆಸಿರಿ. ಮೊದಲ ಸಾಲನ್ನು ನಾನೇ ಬರೆದಿದ್ದೇನೆ: ಹದಿನೈದು ವರ್ಷಗಳ ಹಿಂದೆ ನನ್ನ ಪಕ್ಕದ ಗದ್ದೆಯಲ್ಲಿದ್ದ ಅಜ್ಜಿಯ ಕಗ್ಗ. ಆಕೆ ಈಗಿಲ್ಲ. ಸೊಸೆ ಅದೇ ಬೀಜವನ್ನು ಈ ವರ್ಷವೂ ಬಿತ್ತಿದ್ದಾಳೆ.