ಕವಣಿ ಮಾಡೋಣ ಬರ್ರಿ



ಜೋಳದ ತೆನೆ ಹಾಲು ತುಂಬಿತು ಅಂದರೆ ಹಕ್ಕಿಗಳಿಗೆ ಸುದ್ದಿ ಮುಟ್ಟಿತು ಅಂತಲೇ ಲೆಕ್ಕ. ಗಿಳಿ ಬರ್ತಾವ, ಗುಬ್ಬಿ ಬರ್ತಾವ. ನಮ್ಮ ಹಿಂಗಾರಿ ಬಿಳಿಜೋಳಕ್ಕೆ ಡಿಸೆಂಬರ್, ಜನವರಿಯಲ್ಲಿ ಕಾವಲು ಬೇಕೇ ಬೇಕು. ಅದೇ ಹೊತ್ತಿಗೆ ಶಾಲೆಯಲ್ಲಿ ಹುಡುಗಿಯರು ಕಡಿಮೆ ಆಗ್ತಾರೆ. ಎಲ್ಲಿಗೆ ಹೋದರು? ಹಕ್ಕಿ ಕಾಯೋದಕ್ಕೆ. ಕೈಯಲ್ಲಿ ಒಂದು ಹಳೇ ಡಬ್ಬಿ. ದಿನವಿಡೀ ಕೂಗು. ಸಂಜೆಗೆ ಗಂಟಲು ಬಿದ್ದಿರುತ್ತದೆ.

ಕೂಗು ಹೊಲದ ಆ ತುದಿಗೆ ಮುಟ್ಟೋದಿಲ್ಲ. ಕವಣಿ ಮುಟ್ಟುತ್ತದೆ. ಹಗ್ಗದಿಂದ ನಮ್ಮ ತೋಳು ಉದ್ದ ಆದ ಹಾಗೆ. ತೋಳು ಉದ್ದ ಆದಷ್ಟೂ ಬೀಸು ಜೋರು. ಅಷ್ಟೇ ಅದರ ಗುಟ್ಟು.

ಬೇಕಾದದ್ದು ಪುಂಡಿ ನಾರು ಮತ್ತು ಅಂಗೈಯಷ್ಟು ತೊಗಲು. ಹಳೇ ಚಪ್ಪಲಿಯ ಮೆತ್ತನೆ ತೊಗಲಾದರೂ ನಡೀತದೆ. ತೊಗಲನ್ನು ಎಲೆ ಆಕಾರಕ್ಕೆ ಕತ್ತರಿಸಿರಿ. ಉದ್ದ 5 ಇಂಚು, ನಡುವೆ ಅಗಲ 3 ಇಂಚು. ಎರಡೂ ತುದಿಗೆ ತೂತು ಹಾಕಿರಿ. ತೂತು ಅಂಚಿಗೆ ತೀರ ಹತ್ತಿರ ಬೇಡ, ಹರೀತದೆ. ಆಮೇಲೆ ತೊಗಲನ್ನು ನೀರಲ್ಲಿ ನೆನೆಸಿ, ನಡುವೆ ದುಂಡು ಕಲ್ಲು ಒತ್ತಿ, ಕಟ್ಟಿ ಒಣಗಿಸಿರಿ. ಬಟ್ಟಲಿನ ಹಾಗೆ ತಗ್ಗು ಬೀಳುತ್ತದೆ. ಒಣಗಿದ ಮೇಲೆ ಸ್ವಲ್ಪ ಔಡಲೆಣ್ಣೆ ಸವರಿರಿ.

ನಾರನ್ನು ಮೂರು ಎಳೆ ಮಾಡಿ, ಜಡೆ ಹೆಣೆದ ಹಾಗೆ ಹೆಣೆಯಿರಿ. ಜಡೆ ಹೆಣೆಯೋದು ನಮಗೆ ಯಾರೂ ಕಲಿಸಬೇಕಾಗಿಲ್ಲ! ಎರಡು ಹಗ್ಗ ಬೇಕು, ಒಂದೊಂದು ಎರಡೂವರೆ ಅಡಿ. ತೂತಿಗೆ ಬಿಗಿಯಾಗಿ ಕಟ್ಟಿರಿ. ಒಂದು ಹಗ್ಗದ ತುದಿಗೆ ನಡುಬೆರಳು ತೂರುವಷ್ಟು ಕುಣಿಕೆ. ಇನ್ನೊಂದರ ತುದಿಗೆ ಗಂಟು. ಗಂಟಿನಾಚೆ ನಾರಿನ ಕುಚ್ಚು ಬಿಟ್ಟರೆ ಬೀಸಿದಾಗ ಚಟಾರ್ ಅಂತದೆ. ಆ ಸದ್ದಿಗೇ ಎಷ್ಟೋ ಹಕ್ಕಿ ಏಳ್ತಾವ. ಕವಣಿ ಹಿಡಿದು ಜೋತು ಬಿಟ್ಟಾಗ ತೊಗಲು ಒಂದು ಕಡೆ ವಾಲಬಾರದು. ವಾಲಿದರೆ ಗಂಟು ಬಿಚ್ಚಿ ಹಗ್ಗ ಸರಿಮಾಡಿರಿ.

ಕುಣಿಕೆಯನ್ನು ಬೆರಳಿಗೆ ಹಾಕಿರಿ. ಗಂಟನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿಯಿರಿ. ತಲೆಯ ಮೇಲೆ ಒಂದು ಸುತ್ತು ಬೀಸಿ ಗಂಟು ಬಿಡಿರಿ. ಮೊದಮೊದಲು ಎತ್ತ ಹೋಗುತ್ತದೋ ಹೇಳೋಕಾಗದು. ಅದಕ್ಕೇ ಖಾಲಿ ಹೊಲದಲ್ಲಿ ಕಲಿಯೋಣ. ಹತ್ತಿರ ಮಕ್ಕಳು, ದನ ಇರಬಾರದು. ಮಕ್ಕಳ ಕೈಗೆ ಕವಣಿ ಕೊಡೋದೇ ಬೇಡ. ಕವಣಿ ಕಲ್ಲು ತಲೆಗೆ ಬಿದ್ದರೆ ಜೀವಕ್ಕೇ ಅಪಾಯ.

ಕಲ್ಲಿಗಿಂತ ಒಣ ಮಣ್ಣಿನ ಹೆಂಟೆ ಲೇಸು ಅಂತ ನಮ್ಮ ಮಾತು. ಬಿದ್ದ ಕೂಡಲೇ ಪುಡಿಯಾಗುತ್ತದೆ. ಕಲ್ಲಾದರೆ ಹೊಲದಲ್ಲೇ ಉಳಿದು ಕೊಯ್ಲಿನಲ್ಲಿ ಕುಡುಗೋಲಿಗೆ ಸಿಗುತ್ತದೆ. ಹಕ್ಕಿಗೆ ಗುರಿ ಇಡಬೇಡಿ. ಪಕ್ಕಕ್ಕೆ ಬೀಸಿದರೂ ಹಾರ್ತಾವ. ಗಿಳಿ ಕೊಲ್ಲೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಗುಬ್ಬಿಯಂತೂ ತನ್ನ ಮರಿಗೆ ಹುಳ ಹಿಡಿದು ತಿನ್ನಿಸುತ್ತದೆ, ಆ ಹುಳವೂ ನಮ್ಮ ಬೆಳೆಯದೇ.

ಹಕ್ಕಿಗಳ ಹಾವಳಿ ಮುಂಜಾನೆ, ಸಂಜೆ ಹೆಚ್ಚು. ನಡುಹಗಲಲ್ಲಿ ಅವೂ ನೆರಳು ಹುಡುಕ್ತಾವ. ಹಾಗಾದರೆ ಅಕ್ಕಪಕ್ಕದ ಮೂರು ಹೊಲದವರು ಪಾಳಿ ಹಚ್ಚಿಕೊಂಡರೆ ಆಗದೇ? ಒಂದು ದಿನ ನೀವು, ಒಂದು ದಿನ ಅವರು. ದೊಡ್ಡವರೇ ಕವಣಿ ಹಿಡಿದು ಅಟ್ಟ ಏರಿದರೆ ಹುಡುಗಿ ಬೆಲ್ಲಿಗೆ ಸರಿಯಾಗಿ ಶಾಲೆಯಲ್ಲಿ ಇರ್ತಾಳ.

ರಾತ್ರಿ ಕವಣಿಯನ್ನು ಗೂಟಕ್ಕೆ ಎತ್ತರದಲ್ಲಿ ತೂಗಹಾಕಿರಿ. ಎಣ್ಣೆ ಹಚ್ಚಿದ ತೊಗಲು ಅಂದರೆ ಇಲಿಗೆ ಹಬ್ಬ.