ಮುಳುಗಡೆ ಊರಿನ ಗ್ರಂಥಾಲಯ: ಮೊದಲು ನಮ್ಮ ಕಾಗದ ಓದೋಣ

(ಬಾಗಲಕೋಟೆ ಜಿಲ್ಲೆಯ ಪುನರ್ವಸತಿ ಗ್ರಾಮವೊಂದರ ಗ್ರಂಥಾಲಯದ ಮುಂದೆ ಸೇರಿದ್ದ ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಗ್ರಂಥಾಲಯದ ಬಗ್ಗೆ ನಾಲ್ಕು ಮಾತಾಡು ಅಂತ ನನ್ನನ್ನು ಕರೆದಿದ್ದೀರಿ. ನಾನು ಹೆಚ್ಚು ಪುಸ್ತಕ ಓದಿದವನಲ್ಲ. ಓದದೇ ಇದ್ದದ್ದಕ್ಕೆ ಏನು ದಂಡ ತೆತ್ತೆ ಅನ್ನೋದನ್ನು ಮಾತ್ರ ಹೇಳಬಲ್ಲೆ.

ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರ ಮೇ ತಿಂಗಳಲ್ಲಿ. ಆಗ ನಾನು ಮೈಮೇಲೆ ಅಂಗಿಯಿಲ್ಲದೆ ಓಡಾಡುವ ಹುಡುಗ. ನೀರು ನಮ್ಮೂರ ಅಗಸಿ ಮುಟ್ಟುವ ಹೊತ್ತಿಗೆ ನನಗೆ ಮಕ್ಕಳಾಗಿದ್ದವು. ನಡುವಿನ ಅಷ್ಟೂ ವರ್ಷ, ಇಂದು ಮುಳುಗುತ್ತದೆ ನಾಳೆ ಮುಳುಗುತ್ತದೆ ಎಂದು ನಾವು ಬಾವಿ ತೋಡಿಸಲಿಲ್ಲ, ಮಾಳಿಗೆಗೆ ಹೊಸ ಮಣ್ಣು ಹಾಕಲಿಲ್ಲ. ಸೊಸಾಯಿಟಿಯವರು ಸಾಲ ಕೊಡಲು ಹಿಂದೆ ಮುಂದೆ ನೋಡಿದರು. ಕಾಯುವುದೊಂದೇ ನಮ್ಮ ಕಸುಬಾಯಿತು.

ನನ್ನ ಪಾಲಿನದು 4 ಎಕರೆ 20 ಗುಂಟೆ ಎರೆ ಹೊಲ. ಬಿಳಿಜೋಳ, ಕಡಲೆ ಬೆಳೆಯುತ್ತಿದ್ದ ನೆಲ. ಪರಿಹಾರದ ಹಣ ಬಂತು ಅಂದಾಗ ಕಛೇರಿಗೆ ಹೋದೆ, ತೋರಿಸಿದ ಕಡೆ ರುಜು ಹಾಕಿದೆ, ಚೆಕ್ಕು ಜೇಬಿಗೆ ಹಾಕಿಕೊಂಡು ಬಂದೆ. ಅದೇ ದಿನ ನನ್ನ ಬದುವಿನ ಆಚೆಯ ಹೊಲದವನೂ ರುಜು ಹಾಕಿದ. ಆದರೆ ಅವನು ರುಜುವಿನ ಮೇಲೆ ಒಂದು ಸಾಲು ಬರೆದ. ‘ದರ ಒಪ್ಪಿಗೆಯಿಲ್ಲ, ತಕರಾರಿನೊಂದಿಗೆ ಹಣ ಪಡೆದಿದ್ದೇನೆ’ ಎಂದು. ಅಷ್ಟೇ. ಯಾರೋ ಹೇಳಿಕೊಟ್ಟಿದ್ದರಂತೆ. ಆ ಒಂದು ಸಾಲು ಇದ್ದವನಿಗೆ ಕೋರ್ಟಿನ ಬಾಗಿಲು ತೆರೆಯಿತು, ಇಲ್ಲದ ನನಗೆ ಮುಚ್ಚಿತು.

ಇಲ್ಲಿಗೆ ಮುಗಿಯಲಿಲ್ಲ, ಕೇಳಿ. ವರ್ಷಗಳ ಮೇಲೆ ಕೋರ್ಟಿನಲ್ಲಿ ಅವನಿಗೆ ದರ ಹೆಚ್ಚಾಯಿತು. ಒಂದೇ ಎರೆ, ಒಂದೇ ಬದು, ನಡುವೆ ಒಂದು ಬನ್ನಿಗಿಡ. ಆದರೂ ಅವನ ಎಕರೆಗೆ ಒಂದು ಬೆಲೆ, ನನ್ನ ಎಕರೆಗೆ ಒಂದು ಬೆಲೆ. ಇಂಥ ಅನ್ಯಾಯ ಸರಿಪಡಿಸಲೆಂದೇ 1984ರಲ್ಲಿ ಹಳೆಯ ಭೂಸ್ವಾಧೀನ ಕಾಯಿದೆಗೆ 28-ಎ ಎಂಬ ಕಲಮು ಸೇರಿಸಿದ್ದರು. ಒಂದೇ ಅಧಿಸೂಚನೆಯಲ್ಲಿ ಜಮೀನು ಹೋದವರಲ್ಲಿ ಒಬ್ಬನಿಗೆ ಕೋರ್ಟು ದರ ಹೆಚ್ಚಿಸಿದರೆ, ಕೋರ್ಟಿಗೆ ಹೋಗದ ಉಳಿದವರೂ ಅದೇ ದರ ಕೇಳಬಹುದು. ಆದರೆ ತೀರ್ಪಾದ ಮೂರು ತಿಂಗಳೊಳಗೆ ಅರ್ಜಿ ಕೊಡಬೇಕು. ನನಗೆ ಸುದ್ದಿ ಮುಟ್ಟಿದ್ದು ಒಂದು ಮದುವೆ ಪಂಕ್ತಿಯಲ್ಲಿ, ಐದನೇ ತಿಂಗಳಲ್ಲಿ. ಒಂದೂರಿನವರು ನಾಲ್ಕು ಕಡೆ ಚದುರಿದ್ದೆವಲ್ಲ, ಸುದ್ದಿ ಹೇಳುವ ಕಟ್ಟೆಯೂ ಮುಳುಗಿಹೋಗಿತ್ತು.

ನನ್ನ ಪುರಾಣ ಸಾಕು. ಇದನ್ನು ಯಾಕೆ ಹೇಳಿದೆನೆಂದರೆ, ಅದೇ ಪಾಳಿ ಈಗ ನಿಮ್ಮದು. ಕೃಷ್ಣಾ ಎರಡನೇ ನ್ಯಾಯಾಧೀಕರಣ 2010ರ ಡಿಸೆಂಬರಿನಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ, ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ಎಂದು ತೀರ್ಮಾನಿಸಿತು. ಮುಳುಗುವುದು ಎಪ್ಪತ್ತೈದು ಸಾವಿರ ಎಕರೆಯಷ್ಟು.

ಈಗ ನಿಮ್ಮ ಉತಾರ ತೆಗೆದು ನೋಡಿ. ಹೊಳೆಗೆ ಪಂಪು ಇಟ್ಟು ಇಪ್ಪತ್ತು ವರ್ಷದಿಂದ ಕಬ್ಬು ಬೆಳೆದವರಿದ್ದೀರಿ. ಉತಾರದಲ್ಲಿ ಏನು ಬರೆದಿದೆ? 12ನೇ ಕಾಲಮಿನಲ್ಲಿ ಬೆಳೆ ಏನು, ನೀರಿನ ಮೂಲ ಏನು? ಎಷ್ಟೋ ಮಂದಿಯದರಲ್ಲಿ ಇನ್ನೂ ಅಜ್ಜನ ಕಾಲದ ಜೋಳ, ಮಳೆಯಾಶ್ರಯ. ಹೊಲದಲ್ಲಿ ಕಬ್ಬು, ಕಾಗದದಲ್ಲಿ ಜೋಳ. ಎಕರೆಗೆ ಹತ್ತು ಲಕ್ಷದ ಅಂತರ ನೋಡಿ. 11ನೇ ಕಾಲಮಿನಲ್ಲಿ ತೀರಿಸಿ ಮುಗಿಸಿದ ಸಾಲದ ಬೋಜಾ ಹಾಗೇ ಕೂತಿರುತ್ತದೆ. ಹಣ ಕೊಡುವ ದಿನ ಇವೆಲ್ಲ ಎದ್ದು ಬರುತ್ತವೆ. ಆ ದಿನ ತಿದ್ದಿಸಲು ಹೊರಟರೆ ಆಗುವ ಮಾತಲ್ಲ.

ಇದನ್ನು ಕಲಿಯುವ ಜಾಗ ಎಲ್ಲಿದೆ? ವಕೀಲರ ಮನೆಯೇ? ಏಜೆಂಟನ ಮೋಟಾರ್ ಸೈಕಲ್ಲೇ? ನಾನು ಹೇಳುವುದು, ಇಗೋ ಈ ಕೋಣೆ.

ನಮ್ಮಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಆದದ್ದು 1965ರಲ್ಲಿ. ಅಂದಿನಿಂದ ಮನೆಪಟ್ಟಿಯ ಜೊತೆ ಗ್ರಂಥಾಲಯದ ಕರ ಕೊಡುತ್ತ ಬಂದಿದ್ದೇವೆ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳನ್ನು ಪಂಚಾಯತಿ ಇಲಾಖೆಗೆ ಒಪ್ಪಿಸಿದರು. ಈಗ ಬಾಗಿಲ ಮೇಲೆ ಅರಿವು ಕೇಂದ್ರ ಎಂದು ಬರೆದಿರುತ್ತಾರೆ. ರಾಜ್ಯದಲ್ಲಿ ಇಂಥವು ಐದು ಸಾವಿರಕ್ಕೂ ಹೆಚ್ಚು. 2020ರಲ್ಲಿ ಓದುವ ಬೆಳಕು ಎಂದು ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು, ಒಳ್ಳೆಯ ಕೆಲಸ. ಆದರೆ ಎಷ್ಟೋ ಊರಲ್ಲಿ ಒಳಗೆ ಏನಿದೆ? ಎರಡು ಬೀರು, ಒಂದು ಬೆಂಚು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ನಿನ್ನೆಯ ಪೇಪರು. ಮೊನ್ನೆಯ ಪೇಪರು ರದ್ದಿಗೆ ಹೋಗಿರುತ್ತದೆ.

ಆ ರದ್ದಿಯ ಮಾತಿಗೇ ಬರ್ತೀನಿ. 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯಿದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆಯನ್ನು ಗೆಜೆಟ್ಟಿನಲ್ಲಿ, ಆ ಭಾಗದಲ್ಲಿ ಓಡಾಡುವ ಎರಡು ಪತ್ರಿಕೆಗಳಲ್ಲಿ ಹಾಕಬೇಕು, ಒಂದು ಕನ್ನಡದ್ದೇ ಆಗಿರಬೇಕು. ಪಂಚಾಯತಿಯಲ್ಲೂ ಅಂಟಿಸಬೇಕು. ಅಲ್ಲಿಂದ ಆಕ್ಷೇಪಣೆಗೆ 60 ದಿನ. ಮುಂದೆ ಐತೀರ್ಪು, ಅಂದರೆ ಯಾರ ಹೊಲಕ್ಕೆ ಎಷ್ಟು ದುಡ್ಡು ಎಂಬ ಆದೇಶ. ಅದು ಆಗುವಾಗ ನೀವು ಹಾಜರಿದ್ದರೆ, ದರ ಸಾಲದೆಂದು ಅರ್ಜಿ ಕೊಡಲು ಆರು ವಾರ. ಇಲ್ಲದಿದ್ದರೆ ನೋಟೀಸು ಮುಟ್ಟಿ ಆರು ವಾರ, ಇಲ್ಲವೇ ಐತೀರ್ಪಾಗಿ ಆರು ತಿಂಗಳು, ಯಾವುದು ಮೊದಲೋ ಅದು. ತಕರಾರು ಬರೆಯದೆ ಹಣ ತೆಗೆದುಕೊಂಡರೆ ಹೊಸ ಕಾಯಿದೆಯಲ್ಲೂ ನನ್ನ ಗತಿಯೇ. ಒಪ್ಪಿಗೆ ಪತ್ರಕ್ಕೆ ರುಜು ಹಾಕಿದ ಮೇಲೂ ಅಷ್ಟೆ. ಒಪ್ಪುವುದು ತಪ್ಪು ಅಂತ ನಾನು ಹೇಳೋದಿಲ್ಲ. ಕೋರ್ಟು ಅಲೆದು ಸತ್ತವರನ್ನೂ ಕಂಡಿದ್ದೇನೆ. ಓದಿ ಒಪ್ಪಿ, ಅಷ್ಟೇ.

ಆದ್ದರಿಂದ ಗ್ರಂಥಾಲಯದಲ್ಲಿ ಪೇಪರು ಮಾರಬಾರದು. ತಿಂಗಳಿಗೊಂದು ಕಟ್ಟು ಕಟ್ಟಿ ಇಡಬೇಕು. ಅಧಿಸೂಚನೆ ಬಂದ ಪುಟ ಗೋಡೆಗೆ ಹೋಗಬೇಕು, ಪಕ್ಕದಲ್ಲಿ ಸುಣ್ಣದಲ್ಲಿ ಬರೆಯಬೇಕು, ಕೊನೆಯ ದಿನ ಇಂಥಾದ್ದು ಎಂದು. ಯಾರಿಗೇ ತೀರ್ಪು ಬರಲಿ, ಅದರ ಒಂದು ಝೆರಾಕ್ಸ್ ಪ್ರತಿ ಈ ಬೀರುವಿನಲ್ಲಿರಬೇಕು. ಮೂರು ತಿಂಗಳ ಆ ಅವಕಾಶ ಹೊಸ ಕಾಯಿದೆಯ 73ನೇ ಕಲಮಿನಲ್ಲೂ ಇದೆ. ನನ್ನ ಬದುವಿನವನ ತೀರ್ಪು ಹೀಗೆ ಒಂದು ಬೀರುವಿನಲ್ಲಿ ಇದ್ದಿದ್ದರೆ ಇವತ್ತು ನಾನು ಬೇರೆ ಮಾತು ಆಡುತ್ತಿದ್ದೆ.

ಇನ್ನೊಂದು ಕಹಿ ಮಾತು. ಜಮೀನಿನ ದರ ಗೊತ್ತುಮಾಡುವಾಗ ಹಿಂದಿನ ಮೂರು ವರ್ಷಗಳಲ್ಲಿ ಸುತ್ತ ನೋಂದಣಿಯಾದ ಖರೀದಿಪತ್ರಗಳನ್ನು ನೋಡುತ್ತಾರೆ, ಹೆಚ್ಚು ದರದ ಅರ್ಧದಷ್ಟು ಪತ್ರಗಳ ಸರಾಸರಿ ಹಿಡಿಯುತ್ತಾರೆ. ಆ ಪತ್ರಗಳಲ್ಲಿ ದರ ಬರೆಸಿದವರು ಯಾರು? ನಾವೇ. ಸ್ಟಾಂಪಿನ ದುಡ್ಡು ಉಳಿಸಲು ಹತ್ತಕ್ಕೆ ಕೊಂಡು ಮೂರು ಎಂದು ಬರೆಸಿದೆವು. ಜೋಳಕ್ಕೆ ನ್ಯಾಯದ ಬೆಲೆ ಕೊಡಿ ಎಂದು ರಸ್ತೆಗೆ ಇಳಿಯುವ ನಾವೇ ನೆಲದ ಬೆಲೆಯನ್ನು ಸುಳ್ಳು ಬರೆದು ಇಳಿಸಿದೆವು. ಇದನ್ನೂ ಈ ಕೋಣೆಯಲ್ಲಿ ಕೂತು ಮಾತಾಡಬೇಕು. ಸುತ್ತಲ ಹಳ್ಳಿಗಳ ಖರೀದಿಪತ್ರಗಳ ನಕಲು ತೆಗೆಸಿ, ಸರ್ವೆ ನಂಬರುವಾರು ಒಂದು ವಹಿ ಇಡಬೇಕು. ಓದು ಬಲ್ಲ ಹುಡುಗ ಹುಡುಗಿಯರಿಗೆ ಇದೇ ಪಾಠ. ಕಂಪ್ಯೂಟರು ಇದ್ದ ಕಡೆ ಉತಾರ ತೆಗೆಯುವುದನ್ನು ಅವರೇ ಹಿರಿಯರಿಗೆ ಕಲಿಸಲಿ.

ಪಕ್ಕದೂರಿನ ಕೆಲವರು ಕೇಳುತ್ತಾರೆ, ‘ನಮ್ಮೂರ ಗ್ರಂಥಾಲಯ, ಮುಳುಗಡೆಯವರಿಗೆ ಯಾಕ್ರಿ?’ ಅಂತ. ಅವರೂ ಅದೇ ಪಂಚಾಯತಿಗೆ ಮನೆಪಟ್ಟಿ ಕಟ್ಟುತ್ತಾರಪ್ಪಾ. ಅದೂ ಇರಲಿ, ಇಂದು ನೀರು ಬಾರದ ನಿಮ್ಮ ಹೊಲಕ್ಕೆ ನಾಳೆ ಕಾಲುವೆ ಬರುತ್ತದೆ, ರಸ್ತೆ ಬರುತ್ತದೆ. ಆಗ ನಿಮ್ಮ ಕೈಗೂ ಇದೇ ನೋಟೀಸು. ಮೊದಲೇ ಅನುಭವಿಸಿದವರು ನಿಮ್ಮ ಬೆಂಚಿನಲ್ಲೇ ಕೂತಿದ್ದಾರೆ, ಕೇಳಿಕೊಳ್ಳಿ. ಶರಾವತಿಯ ಲಿಂಗನಮಕ್ಕಿ ತುಂಬಿದ್ದು 1964ರ ಸುಮಾರಿಗೆ. ಅಲ್ಲಿಂದ ಎದ್ದು ಹೋದ ಎಷ್ಟೋ ಮನೆತನಗಳ ಮೊಮ್ಮಕ್ಕಳು ಉಳುವ ನೆಲಕ್ಕೆ ಹಕ್ಕುಪತ್ರವಿಲ್ಲದೆ ಇನ್ನೂ ಕಛೇರಿ ಅಲೆಯುತ್ತಿದ್ದಾರೆ. ಅವರಿಗೆ ಜಾಗ ತೋರಿಸಿದರು, ಕಾಗದ ಕೊಡಲಿಲ್ಲ. ಕೇಳಿ ಇಸಿದುಕೊಳ್ಳಬೇಕೆಂದು ಹೇಳಿಕೊಡುವವರು ಇರಲಿಲ್ಲ.

ಹೆಣ್ಣುಮಕ್ಕಳ ಮಾತು ಬಿಟ್ಟೆ. ಪರಿಹಾರದ ದುಡ್ಡು ಯಾವ ಮನೆಯಲ್ಲಿ ಉಳಿಯಿತು, ಯಾವ ಮನೆಯಲ್ಲಿ ಎರಡೇ ವರ್ಷಕ್ಕೆ ಕರಗಿ ಮತ್ತೆ ಬಡ್ಡಿ ಸಾಲ ಬಂತು ಎಂದು ಬಲ್ಲವರು ಅವರೇ. ಪಾಸ್‌ಬುಕ್ಕು ಓದುವುದನ್ನು, ಠೇವಣಿಯ ಬಡ್ಡಿ ಲೆಕ್ಕ ಹಾಕುವುದನ್ನು ಅವರಿಗೆ ಮೊದಲು ಕಲಿಸಿ. ಅವರಿಗೆ ಬಿಡುವಾಗುವುದು ಮಧ್ಯಾಹ್ನ ಊಟದ ಮೇಲೆ. ಆಗ ಬೀಗ ಹಾಕಿರುವ ಗ್ರಂಥಾಲಯದಿಂದ ಅವರಿಗೇನು ಬಂತು? ಹೊತ್ತು ಬದಲಿಸಿ ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ.

ಅಮಾವಾಸ್ಯೆಗೆ ನಾವು ಎತ್ತು ಹೂಡುವುದಿಲ್ಲ. ಬರುವ ಅಮಾವಾಸ್ಯೆಯಿಂದಲೇ ಶುರುಮಾಡೋಣ. ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ನಿಮ್ಮ ಉತಾರ, ಸೊಸಾಯಿಟಿಯ ಸಾಲ ತೀರಿದ ಚೀಟಿ, ಪಂಪಿನ ಕರೆಂಟು ಬಿಲ್ಲು ತನ್ನಿ. ಒಬ್ಬೊಬ್ಬರದೂ ಗಟ್ಟಿಯಾಗಿ ಓದಿಸೋಣ. ಕನ್ನಡಕ ಇದ್ದವರು ಮರೆತು ಬರಬೇಡಿ.